ಏಳನೇ ನಿಮಿಷದ ಬಿಸಿ

"ನನ್ನ ಕೈ ಮಣ್ಣಿನಿಂದ ಮೇಲೆದ್ದ ಹಾಗೆ ಕಾಣ್ಬೇಕು. ಮಣಿಕಟ್ಟಿನವರೆಗೆ ಇದ್ರೆ ಸಾಕು," ಅಂದರು ಮೇಷ್ಟ್ರು, ಅರ್ಧ ಕಿಲೋ ಬಿಸ್ಕತ್ತು ಕಟ್ಟಿಕೊಡಿ ಅನ್ನುವಷ್ಟೇ ಸಮಾಧಾನವಾಗಿ.

ಆರ್ಡರ್ ಪುಸ್ತಕದ ಮೇಲೆ ನನ್ನ ಪೆನ್ನು ನಿಂತೇಹೋಯಿತು.

ಎರಡು ವರ್ಷದಿಂದ ಇವರು ನಮ್ಮ ಕೇಕಿನ ಅಂಗಡಿಗೆ ಬರುತ್ತಿದ್ದಾರೆ. ಬೀದಿಯ ಕೊನೆಯಲ್ಲಿರುವ, ಕಿವಿ ಕೇಳಿಸದ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಾರೆ. ಪಾಠ ನಡೆಯುವುದು ಕೈಸನ್ನೆಯಲ್ಲಿ. ತಿಂಗಳಿಗೆ ಒಂದೋ ಎರಡೋ ಹುಟ್ಟುಹಬ್ಬದ ಕೇಕು. ಪ್ರತಿ ಸಲವೂ ಅದೇ ಮಾತು, ಸಕ್ಕರೆ ಸ್ವಲ್ಪ ಕಮ್ಮಿ, ಹೂವು ಸ್ವಲ್ಪ ಜಾಸ್ತಿ. ಮಾತಾಡುವಾಗ ಅವರ ಕೈ ಬಾಯಿಗಿಂತ ಅರೆಕ್ಷಣ ಮುಂದಿರುತ್ತದೆ. ಹಾಗಾಗಿ ಅವರು ಏನು ಕೇಳುತ್ತಾರೆ ಅನ್ನುವುದು ನನಗೆ ಮೊದಲೇ ತಿಳಿದುಬಿಡುತ್ತಿತ್ತು. ಈ ಸಲ ಮಾತ್ರ ತಿಳಿದಿರಲಿಲ್ಲ.

"ಎಲೆ ಉದುರೋ ಕಾಲಕ್ಕೊಂದು ಪಾರ್ಟಿ ಮಾಡ್ತೀವಲ್ಲ, ಈ ಸಲ ದೆವ್ವದ ಪಾರ್ಟಿ ಅಂತ ಮಕ್ಕಳೇ ತೀರ್ಮಾನ ಮಾಡಿದಾರೆ. ಗೋರಿ ಕೇಕ್ ಬೇಕಂತೆ. ಗೋರಿ ಒಡೆದು ಕೈ ಬರ್ಬೇಕಂತೆ."

"ಯಾರ ಕೈಯಾದ್ರೂ ಆಗಲ್ವಾ? ರೆಡಿಮೇಡ್ ಅಚ್ಚು ಸಿಗುತ್ತೆ."

"ಆಗಲ್ಲ ಮೇಡಂ. ನಮ್ಮ ಮಕ್ಕಳಿಗೆ ನನ್ನ ಮುಖಕ್ಕಿಂತ ಕೈ ಚೆನ್ನಾಗಿ ಗೊತ್ತು. ಬೇರೆ ಕೈ ಇಟ್ರೆ, ಇದ್ಯಾವುದೋ ಪರಸ್ಥಳದ ದೆವ್ವ ಅಂತ ನಗ್ತಾರೆ."

ಓವನ್ ಮುಂದೆ ಕೂತಿದ್ದ ನನ್ನ ಚಿಕ್ಕಮ್ಮ ಅಲ್ಲಿಂದಲೇ ಕೂಗಿದರು. "ಅಲ್ಲಪ್ಪಾ ಮೇಷ್ಟ್ರೇ, ಇನ್ನೂ ಮದುವೆಯಾಗದೆ ಇರೋ ಗಂಡಸಿನ ಕೈ ಗೋರಿಯಿಂದ ಬರೋದು ಅಂದ್ರೇನು?"

"ಮದುವೆಯಾದವರ ಕೈ ಮೇಲೇಳೋದೇ ಇಲ್ವಂತೆ ಚಿಕ್ಕಮ್ಮ."

ಚಿಕ್ಕಮ್ಮ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನು ಪುಸ್ತಕದಲ್ಲಿ ಬರೆದೆ: ಶನಿವಾರ. ನಾಲ್ಕು ಕಿಲೋ. ಕೈ, ಒಂದು.

*

ನನ್ನ ಅಕ್ಕನ ಗಂಡ ಕಟ್ಟುಹಲ್ಲಿನ ಸೆಟ್ಟು ತಯಾರಿಸುವವರು. ವಿಷಯ ಕೇಳಿದ್ದೇ ಎರಡು ಚೀಲ ಪುಡಿ ಕಳಿಸಿದರು. ಒಂದು, ಬಾಯಿಯ ಅಚ್ಚು ತೆಗೆಯುವ ಪುಡಿ. ನೀರಲ್ಲಿ ಕಲೆಸಿದರೆ ಮೂರೇ ನಿಮಿಷದಲ್ಲಿ ರಬ್ಬರಿನಂತಾಗುತ್ತದೆ. ಕೈ ಜಾರಿಸಿಕೊಂಡು ಹೊರಬರಬಹುದು. ಕೈಯ ಗೆರೆಗೆರೆಯೂ ಒಳಗೆ ಉಳಿಯುತ್ತದೆ. ಇನ್ನೊಂದು ಪ್ಲಾಸ್ಟರ್. "ಚಾಕ್ಲೇಟ್ ಸುರಿಯೋ ಮುಂಚೆ ಅಚ್ಚಿನಲ್ಲಿ ಇದನ್ನೊಂದು ಸಲ ಸುರಿದು ನೋಡ್ಕೊಳಮ್ಮ, ಅಭ್ಯಾಸ ಆಗುತ್ತೆ," ಅಂದಿದ್ದರು ಭಾವ. ಎರಡೂ ಬಿಳಿ. ಎರಡನ್ನೂ ನಮ್ಮ ಅಡುಗೆಮನೆಯ ಒಂದೇ ಅಳತೆಯ ಗಾಜಿನ ಡಬ್ಬಿಗಳಿಗೆ ತುಂಬಿದೆ.

ನಾನು ಓದಿದ್ದು ರಸಾಯನಶಾಸ್ತ್ರ. ನಾಲ್ಕು ವರ್ಷ ಪ್ರಯೋಗಾಲಯದಲ್ಲಿ ಕೆಲಸ ಮಾಡಿ, ಆಮೇಲೆ ಕೇಕಿಗೆ ಬಂದವಳು. ಉಪ್ಪಿನ ಚಿಟಿಕೆಯನ್ನೂ ತೂಗುತ್ತೇನೆ ಅಂತ ಮನೆಯಲ್ಲಿ ನನಗೆ ತಕ್ಕಡಿ ಅಂತಲೇ ಹೆಸರು. ಆದರೆ ಆ ಬುಧವಾರ ಮಧ್ಯಾಹ್ನ ತಕ್ಕಡಿಯ ಮಾತನ್ನು ತಕ್ಕಡಿಯೇ ಕೇಳಲಿಲ್ಲ.

ಮುನ್ನೂರು ಗ್ರಾಂ ಪುಡಿ ಸಾಕು ಅಂತ ಲೆಕ್ಕ. ತೂಗಿದರೆ ಬಟ್ಟಲಿನ ತಳವಷ್ಟೇ ತುಂಬಿತು. ಇಷ್ಟು ಭಾರವಾ ಈ ಪುಡಿ ಅಂದುಕೊಂಡೆ. ನೀರಿಗೆ ಹಾಕಿದೆ, ಹಾಲಿನಂತೆಯೇ ಇತ್ತು. ಇನ್ನಷ್ಟು ಹಾಕಿದೆ. ಮತ್ತಷ್ಟು. ಕೇಕಿನ ಹಿಟ್ಟಿನಷ್ಟು ಗಟ್ಟಿಯಾಗುವ ಹೊತ್ತಿಗೆ ಡಬ್ಬಿಯೇ ಬರಿದಾಗಿತ್ತು. ಹಳೆಯ ಪುಡಿ ಇರಬೇಕು ಅಂತ ಸಮಾಧಾನ ಹೇಳಿಕೊಂಡೆ. ಯಾಕೆಂದರೆ ಆಗಲೇ ಬಾಗಿಲ ಬಳಿ ಚಪ್ಪಲಿ ಬಿಡುವ ಸದ್ದು ಕೇಳಿಸಿತ್ತು.

ಮೇಷ್ಟ್ರು ಅಂಗಿಯ ತೋಳು ಮಡಚಿ, ಸ್ಟೂಲಿನ ಮೇಲೆ ಕೂತು, ನಾನು ಕೊಟ್ಟ ಎಣ್ಣೆಯನ್ನು ಬೆರಳ ಸಂದಿಗಳಿಗೂ ಹಚ್ಚಿಕೊಂಡರು. ಉದ್ದನೆಯ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬಲಗೈ ಇಳಿಯಿತು. ಬೆರಳ ತುದಿ ತಳ ಮುಟ್ಟಬಾರದು. ಅದಕ್ಕೆ ಮಣಿಕಟ್ಟನ್ನು ನಾನು ಮೇಲಿಂದ ಹಿಡಿದುಕೊಂಡೆ. ಟೈಮರ್ ಒತ್ತಿದೆ.

ಎರಡು ವರ್ಷದಲ್ಲಿ ಅವರನ್ನು ಮುಟ್ಟಿದ್ದು ಅದೇ ಮೊದಲು. ಚಿಲ್ಲರೆಯನ್ನೂ ಅವರು ಗಾಜಿನ ಮೇಲೆ ಇಡುತ್ತಿದ್ದರು. ನಾನೂ ಗಾಜಿನ ಮೇಲಿಂದಲೇ ತೆಗೆದುಕೊಳ್ಳುತ್ತಿದ್ದೆ.

"ಈಗ ನನ್ನ ಅರ್ಧ ಮಾತು ಬಕೆಟ್ಟಲ್ಲಿದೆ," ಅಂದರು.

"ಉಳಿದರ್ಧ ಸಾಕು."

"ಸಾಕಾಗಲ್ಲ ಮೇಡಂ. ಮುಖ್ಯವಾದದ್ದೆಲ್ಲ ಬಲಗೈಲೇ ಇರೋದು."

"ಹಾಗಾದ್ರೆ ಎಡಗೈ ಯಾಕೆ ಇಟ್ಕೊಂಡಿದೀರಿ?"

"ಸಾಕ್ಷಿಗೆ."

ನಾನು ತಲೆ ತಗ್ಗಿಸಿ ಬಕೆಟ್ಟನ್ನು ನೋಡಿದೆ. ಅವರು ನನ್ನನ್ನು ನೋಡುತ್ತಿದ್ದರು. ಕೇಕಿಗೆ ಸನ್ನೆಯಲ್ಲಿ ಏನನ್ನುತ್ತಾರೆ ಅಂತ ಕೇಳಿದೆ. ಎಡಗೈಯಲ್ಲಿ ತೋರಿಸಿದರು. ಬಹಳ ತೊದಲಿತು ಆ ಕೈ. ಇಬ್ಬರೂ ನಕ್ಕೆವು.

ಮೂರು ನಿಮಿಷವಾಯಿತು. ಗಟ್ಟಿಯಾಗಲಿಲ್ಲ. ನೀರು ತಣ್ಣಗಿದ್ದರೆ ತಡವಾಗುತ್ತದೆ, ಇನ್ನೆರಡು ನಿಮಿಷ ಅಂದೆ. ಐದಾಯಿತು. ಆರಾಯಿತು. ಮೇಲ್ಮೈ ಈಗ ಬಿಗಿಯತೊಡಗಿತ್ತು. ಸದ್ಯ, ಅಂದುಕೊಂಡೆ.

ಏಳನೇ ನಿಮಿಷದಲ್ಲಿ ಅವರು ಬಹಳ ಮರ್ಯಾದೆಯಿಂದ ಕೇಳಿದರು. "ಮೇಡಂ, ಇದು ಬಿಸಿಯಾಗ್ಬೇಕಾ?"

"ಏನಂದ್ರಿ?"

"ಬಿಸಿ. ಸ್ವಲ್ಪ ಜಾಸ್ತೀನೇ ಇದೆ."



ಅಚ್ಚಿನ ಪುಡಿ ಬಿಸಿಯಾಗುವುದಿಲ್ಲ. ಬಿಸಿಯಾಗುವುದು ಪ್ಲಾಸ್ಟರ್. ನೀರು ಕುಡಿದು ಹರಳುಗಟ್ಟುವಾಗ ಅದು ಶಾಖ ಬಿಡುತ್ತದೆ. ಚಮಚದಷ್ಟಿದ್ದರೆ ಉಗುರುಬೆಚ್ಚಗೆ. ಒಂದು ಬಕೆಟ್ಟು ಇದ್ದು ನಡುವೆ ಒಂದು ಕೈ ಇದ್ದರೆ, ಆ ಶಾಖ ಹೋಗುವುದು ಆ ಕೈಯೊಳಕ್ಕೆ. ಕಾಲೇಜಿನ ಪರೀಕ್ಷೆಯಲ್ಲಿ ಇದನ್ನು ಆರು ಅಂಕಕ್ಕೆ ಬರೆದಿದ್ದೆ. ಆರಕ್ಕೆ ಆರು ಬಂದಿತ್ತು.

ಕಪಾಟಿನ ಕಡೆ ನೋಡಿದೆ. ಬರಿದಾದ ಡಬ್ಬಿ, ಪಕ್ಕದಲ್ಲಿ ತುಂಬಿದ ಡಬ್ಬಿ. ಎರಡರ ಮೈಮೇಲೂ ಹೆಸರಿಲ್ಲ. ಹೆಸರು ಬರೆದಿದ್ದದ್ದು ಮುಚ್ಚಳದ ಮೇಲೆ. ಪ್ರಯೋಗಾಲಯದಲ್ಲಿ ಮೊದಲ ದಿನವೇ ಹೇಳಿಕೊಡುತ್ತಾರೆ: ಹೆಸರು ಡಬ್ಬಿಯ ಮೈಮೇಲೆ ಬರಿ. ಮುಚ್ಚಳಕ್ಕೆ ನಿಯತ್ತಿಲ್ಲ, ಅದು ಯಾವ ಡಬ್ಬಿಯ ಮೇಲಾದರೂ ಕೂತುಬಿಡುತ್ತದೆ.

"ಎಳ್ಕೊಳ್ಳಿ! ಕೈ ಎಳ್ಕೊಳ್ಳಿ!"

ಎಳೆದರು. ಬರಲಿಲ್ಲ. ಬಕೆಟ್ಟೇ ಜೊತೆಗೆ ಎದ್ದಿತು.

ಅವರ ಮುಖದ ಬಣ್ಣ ಆಗ ಬದಲಾಯಿತು. ಅವರು ಕಿರುಚಲಿಲ್ಲ. ಎಡಗೈ ಮಾತ್ರ ಗಾಳಿಯಲ್ಲಿ ಏನೇನೋ ಹೇಳತೊಡಗಿತು, ಬೇಗ ಬೇಗ. ಅದು ನನಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದದ್ದೇ ಒಳ್ಳೆಯದಾಯಿತು.

ಬ್ರೆಡ್ ಕುಯ್ಯುವ ಚಾಕುವಿನಿಂದ ಬಕೆಟ್ಟನ್ನು ಮೇಲಿಂದ ಕೆಳಗೆ ಸೀಳಿದೆ. ಕ್ರೀಮ್ ಸವರುವ ಪಟ್ಟಿಯಿಂದ ಬಿಳಿಯ ಮುದ್ದೆಯನ್ನು ಬಗೆದೆ. ಅದಿನ್ನೂ ಪೂರ್ತಿ ಕಲ್ಲಾಗಿರಲಿಲ್ಲ, ಒದ್ದೆ ಸೀಮೆಸುಣ್ಣದ ಹಾಗೆ ಉದುರುತ್ತಿತ್ತು. ಚಿಕ್ಕಮ್ಮ ಚೊಂಬಿನಿಂದ ಚೊಂಬಿಗೆ ತಣ್ಣೀರು ಸುರಿದರು. "ಅಯ್ಯೋ ನನ್ನಪ್ಪಾ, ಅಯ್ಯೋ ನನ್ನಪ್ಪಾ," ಅನ್ನುತ್ತಲೇ ಇದ್ದರು, ಒಂದು ಹನಿಯೂ ಗುರಿ ತಪ್ಪಲಿಲ್ಲ. ಹೆಬ್ಬೆರಳು ಬಂತು. ನಾಲ್ಕು ಗೆಣ್ಣುಗಳು ಬಂದವು. ಕಿರುಬೆರಳಿನ ಸುತ್ತ ಇದ್ದ ಕೊನೆಯ ಗಡ್ಡೆಯನ್ನು ನಾನು ಉಗುರಿನಿಂದ ಒಡೆದೆ.

ಕೈ ಹೊರಬಂತು. ಕೆಂಡದ ಬಣ್ಣ.

*

"ಇನ್ನೊಂದೈದು ನಿಮಿಷ ಬಿಟ್ಟಿದ್ರೆ ಬೆರಳಿನ ಮಾತು ಬೇರೆ ಆಗ್ತಿತ್ತು," ಅಂದರು ಡಾಕ್ಟರು, ಗುಳ್ಳೆಗಳ ಮೇಲೆ ಮುಲಾಮು ಹಚ್ಚುತ್ತಾ. "ಎರಡು ವಾರ ಪಟ್ಟಿ ಇರಲಿ. ಉಂಗುರದ ಬೆರಳು, ಕಿರುಬೆರಳು ಮೊದಲಿನ ಹಾಗೆ ಮಡಚ್ತವಾ ಅಂತ ಆಮೇಲೆ ನೋಡೋಣ."

ಆಮೇಲೆ ನೋಡೋಣ. ಮಕ್ಕಳಿಗೆ ಎಲ್ಲವನ್ನೂ ಬೆರಳಲ್ಲೇ ಹೇಳುವ ಮನುಷ್ಯನ ಕೈ.

ಮೇಷ್ಟ್ರು ಹೊರಗೆ ಬಂದಾಗ ಕೇಳಿದ್ದು ಒಂದೇ ಪ್ರಶ್ನೆ. ಬೈಗುಳದಂತಿರಲಿಲ್ಲ, ಆಶ್ಚರ್ಯದಂತಿತ್ತು. "ನಿಮ್ಮ ಅಡುಗೆಮನೇಲಿ ತಪ್ಪಾಯ್ತಾ? ನಿಮ್ಮದ್ರಲ್ಲಾ?"

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ನಡುವೆ ಬಂದರು. "ಎಲ್ಲಾ ನನ್ನಿಂದ್ಲೇ ಆಗಿದ್ದು ಕಣಪ್ಪಾ. ಡಬ್ಬಿ ಒರೆಸಿ ಮುಚ್ಚಳ ಹಾಕುವಾಗ ಅದಲು ಬದಲು ಮಾಡ್ಬಿಟ್ಟೆ. ವಯಸ್ಸಾಯ್ತು, ಕಣ್ಣು ಮಂಜು."

ಚಿಕ್ಕಮ್ಮ ಆ ದಿನ ಡಬ್ಬಿಗಳನ್ನು ಮುಟ್ಟಿಯೇ ಇರಲಿಲ್ಲ. ಅವರ ಕಣ್ಣು ದೂರದ ಬಸ್ಸಿನ ಬೋರ್ಡು ಓದುವಂಥದ್ದು.

"ಹೋಗ್ಲಿ ಬಿಡಿ ಚಿಕ್ಕಮ್ಮ," ಅಂದು ಮೇಷ್ಟ್ರು ನಕ್ಕರು. ನಿಜ ಏನು ಅಂತ ನಾನು ಹೇಳಲಿಲ್ಲ.

ಆಟೋದಲ್ಲಿ ಚಿಕ್ಕಮ್ಮ ನನ್ನ ಮೊಣಕಾಲು ತಟ್ಟಿದರು. "ನನ್ನ ಮೇಲೆ ಕೋಪ ಬಂದ್ರೆ ಬರ್ಲಿ. ನಾನೇನು ಅವರನ್ನ ಮದುವೆಯಾಗ್ಬೇಕಾ?"

"ಚಿಕ್ಕಮ್ಮಾ!"

"ಏನು ಚಿಕ್ಕಮ್ಮ? ಇಡೀ ಬೀದಿಗೆ ಗೊತ್ತಿರೋದು ನಿನ್ನ ತಕ್ಕಡಿಗೆ ಮಾತ್ರ ಗೊತ್ತಿಲ್ವಾ?"

*

ಗುರುವಾರ ಮಧ್ಯಾಹ್ನ ಕೇಕು ರದ್ದು ಅಂತ ಹೇಳಲು ಶಾಲೆಗೆ ಫೋನ್ ಮಾಡುವುದರಲ್ಲಿದ್ದೆ. ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಬಲಗೈಗೆ ದಪ್ಪ ಬಿಳಿ ಪಟ್ಟಿ. ಅಂಗಿಯ ಎಡತೋಳು ಮೊಣಕೈವರೆಗೆ ಮಡಚಿತ್ತು.

"ಎಣ್ಣೆ ಎಲ್ಲಿ?" ಅಂದರು.

"ಯಾಕೆ?"

"ಇನ್ನೊಂದು ಕೈ ಇದೆಯಲ್ಲ."

ನಾನು ಫೋನನ್ನು ಕೆಳಗಿಟ್ಟೆ. ಅದು ಸಕ್ಕರೆಪುಡಿಯ ಬಟ್ಟಲೊಳಗೆ ಬಿತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದೆವು. ಯಾರೂ ಎತ್ತಲಿಲ್ಲ.

"ನಿಮಗೆ ತಲೆ ಸರಿ ಇದೆಯಾ? ನಿನ್ನೆ ಇಲ್ಲಿ ಏನಾಯ್ತು ಅಂತ ಮರೆತ್ರಾ?"

"ಮರೆಯೋಕೆ ಬಿಡ್ತಾರಾ ಮಕ್ಕಳು? ಇವತ್ತು ಕ್ಲಾಸಲ್ಲಿ ಎಡಗೈಲಿ ಪಾಠ ಮಾಡಿದೆ. ಮೇಷ್ಟ್ರಿಗೆ ಗಂಟಲು ಕಟ್ಟಿದೆ ಅಂತ ನಗ್ತಿದ್ರು. ಆದ್ರೆ ಕೇಕ್ ಇಲ್ಲ ಅಂದ ತಕ್ಷಣ ಒಬ್ಬರೂ ನಗ್ಲಿಲ್ಲ." ಸ್ಟೂಲನ್ನು ಕಾಲಲ್ಲೇ ಎಳೆದು ಕೂತರು. "ನನಗೆ ಭಯ ಇಲ್ಲ ಮೇಡಂ. ಚಿಕ್ಕಮ್ಮ ಡಬ್ಬಿ ಮುಟ್ಟದೆ ಇದ್ರೆ ಸಾಕು. ನೀವು ತಪ್ಪೋರಲ್ಲ."

ನೀವು ತಪ್ಪುವವರಲ್ಲ. ಹೊಗಳಿಕೆಯೊಂದು ಹೀಗೆ ಕಪಾಳಕ್ಕೆ ಬಿದ್ದದ್ದು ಅದೇ ಮೊದಲು.

ಹೇಳದಿದ್ದರೆ ಅವರು ಎಡಗೈಯನ್ನೂ ಕೊಡುತ್ತಾರೆ, ನಗುತ್ತಾ. ಹೇಳಿದರೆ ಎದ್ದು ಹೋಗಬಹುದು. ಎರಡು ವರ್ಷದ ಕೇಕು, ಗಾಜಿನ ಮೇಲಿನ ಚಿಲ್ಲರೆ, ಎಲ್ಲವೂ ಅವರ ಜೊತೆಗೇ ಎದ್ದು ಹೋಗಬಹುದು. ಆದರೆ ಸುಳ್ಳಿನ ಮೇಲೆ ಇಟ್ಟ ಕೈಯನ್ನು ನಾನು ಹೇಗೆ ಹಿಡಿದುಕೊಳ್ಳಲಿ?

"ಚಿಕ್ಕಮ್ಮ ಮುಟ್ಟಿರಲಿಲ್ಲ," ಅಂದೆ. "ನಾನೇ. ಡಬ್ಬಿ ತುಂಬಿದ್ದು ನಾನು, ಹೆಸರನ್ನ ಮುಚ್ಚಳದ ಮೇಲೆ ಬರೆದಿದ್ದು ನಾನು, ಮುಚ್ಚಳ ಅದಲು ಬದಲು ಹಾಕಿದ್ದೂ ನಾನೇ. ಪುಡಿ ಭಾರವಾಗಿದೆ ಅಂತ ತಕ್ಕಡಿ ಹೇಳ್ತು, ಕೇಳ್ಲಿಲ್ಲ. ನಿನ್ನೆ ಆಸ್ಪತ್ರೇಲಿ ಚಿಕ್ಕಮ್ಮ ಸುಳ್ಳು ಹೇಳುವಾಗ ಸುಮ್ನೆ ನಿಂತಿದ್ದೂ ನಾನೇ."

ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಪಟ್ಟಿ ಕಟ್ಟಿದ ಕೈ ಮಡಿಲಲ್ಲಿ ಅಲ್ಲಾಡದೆ ಇತ್ತು.

"ನೀವು ಮುಚ್ಚಳದ ಮೇಲೆ ಬರೆಯೋರಲ್ಲ," ಅಂದರು ಕೊನೆಗೆ. "ಎರಡು ವರ್ಷ ನೋಡಿದೀನಿ. ವೆನಿಲಾ ಬಾಟ್ಲಿ ಮೇಲೆ ತೆರೆದ ತಾರೀಕನ್ನೂ ಬರೀತೀರಿ. ಏನಾಗಿತ್ತು ನಿಮಗೆ?"

"ಅವಸರ."

"ಏನವಸರ? ಇಡೀ ಮಧ್ಯಾಹ್ನ ಇತ್ತಲ್ಲ."

"ಮೂರು ಗಂಟೆಗೆ ನೀವು ಬರೋರಿದ್ರಿ." ಇಲ್ಲಿಗೆ ನಿಲ್ಲಿಸಬಹುದಿತ್ತು. ಅರ್ಧ ಸತ್ಯವನ್ನು ಹೇಳಿ ನನಗೆ ಅಭ್ಯಾಸವಿಲ್ಲ. "ಏಪ್ರನ್ ತುಂಬಾ ಹಿಟ್ಟಾಗಿತ್ತು. ತಲೆ ಬಾಚಿರಲಿಲ್ಲ. ಮೂರು ಸಲ ಜಡೆ ಹಾಕಿ ಮೂರು ಸಲ ಬಿಚ್ಚಿದೆ. ಡಬ್ಬಿಗೆ ಅಂತ ಉಳಿದಿದ್ದು ಎರಡೇ ನಿಮಿಷ. ಆಯ್ತಾ? ಇಷ್ಟೇ. ನನ್ನ ಜಡೆಗೋಸ್ಕರ ನಿಮ್ಮ ಕೈ ಸುಟ್ಟೆ. ಈಗ ಏನು ಬೇಕಾದ್ರೂ ಅನ್ನಿ."

ಮಾತಿಗಿಂತ ಮುಂಚೆ ಓಡುವ ಆ ಕೈಗಳಲ್ಲೊಂದು ಪಟ್ಟಿಯಲ್ಲಿತ್ತು, ಇನ್ನೊಂದು ಗಾಳಿಯಲ್ಲಿ ಅರ್ಧಕ್ಕೆ ನಿಂತುಹೋಗಿತ್ತು.

"ಮೇಡಂ," ಅಂದರು. "ನಂದೂ ಒಂದಿದೆ."

"ಏನು?"

"ಬಿಸಿಯಾಗಿದ್ದು ಏಳನೇ ನಿಮಿಷದಲ್ಲಲ್ಲ. ಐದರಲ್ಲೇ ಗೊತ್ತಾಗಿತ್ತು."

ನನಗೆ ಮೊದಲು ಅರ್ಥವಾಗಲಿಲ್ಲ. "ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ ನೀವು ಮಣಿಕಟ್ಟು ಬಿಡ್ತಿದ್ರಿ."

ನಾನು ಅವರನ್ನು ನೋಡಿದೆ. ಅವರು ಕಿಟಕಿಯನ್ನು ನೋಡುತ್ತಿದ್ದರು. ಕಿವಿ ಎರಡೂ ಕೆಂಪಗಾಗಿದ್ದವು. "ನಿಮ್ಮ ಕೈಯಿಂದ್ಲೇ ಬರ್ತಿರೋ ಬಿಸಿ ಅಂದ್ಕೊಂಡೆ," ಅಂತ ತಗ್ಗಿದ ದನಿಯಲ್ಲಿ ಸೇರಿಸಿದರು.

ಮೊದಲು ನಾಚಿಕೆ ಬರಬೇಕಿತ್ತು. ಬಂದದ್ದು ಕೋಪ. "ಎರಡು ನಿಮಿಷ! ಪ್ಲಾಸ್ಟರು ಗಟ್ಟಿಯಾಗುವಾಗ ಎರಡು ನಿಮಿಷ ಅಂದ್ರೆ ಏನು ಗೊತ್ತಾ ನಿಮಗೆ? ಅರವತ್ತು ಡಿಗ್ರಿ ದಾಟುತ್ತೆ! ಯಾವ ಹೆಂಗಸಿನ ಕೈಯಾದ್ರೂ ಅರವತ್ತು ಡಿಗ್ರಿ ಇರುತ್ತೇನ್ರೀ?"

"ವಿಜ್ಞಾನ ಓದಿದೋರು ನೀವು. ನನಗೇನು ಗೊತ್ತು, ಇರಬಹುದು ಅಂದ್ಕೊಂಡೆ."

ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ. ಒಳಗಿನ ಕೋಣೆಯಲ್ಲಿ ತಟ್ಟೆಯೊಂದು ಬಿತ್ತು. ಚಿಕ್ಕಮ್ಮ ಬಾಗಿಲಿಗೆ ಕಿವಿ ಕೊಟ್ಟಿದ್ದರು ಅನ್ನುವುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ.

"ಈಗ ಎಣ್ಣೆ ಕೊಡ್ತೀರಾ?" ಅಂದರು ಮೇಷ್ಟ್ರು.

"ಇಲ್ಲ. ನನ್ನ ಕೈ ಮೊದಲು ಇಳೀಬೇಕು. ಸುಡೋದಾದ್ರೆ ನನ್ನನ್ನೇ ಮೊದಲು ಸುಡ್ಲಿ."

"ಆಗ ಕೇಕಲ್ಲಿ ನಿಮ್ಮ ಕೈ ಬರುತ್ತೆ. ಮಕ್ಕಳು ಒಪ್ಪಲ್ಲ."

"ನೀವೂ ಬನ್ನಿ ಹಾಗಾದ್ರೆ."

ಅಂದ ಮೇಲೆ ಏನಂದೆ ಅಂತ ನನಗೇ ಹೊಳೆಯಿತು. ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಈ ಸಲ ತುಂಬಿದ ಡಬ್ಬಿಯಿಂದ ಒಂದು ಚಮಚ ಪುಡಿ ತೆಗೆದು, ಬಟ್ಟಲಲ್ಲಿ ಕಲೆಸಿ, ಮೂರು ನಿಮಿಷ ಕಾದೆ. ರಬ್ಬರಾಯಿತು. ತಣ್ಣಗೇ ಇತ್ತು. ಅಗಲವಾದ ಬಕೆಟ್ಟು ತಂದೆ. ಗ್ರಾಂ ಗ್ರಾಂ ಲೆಕ್ಕ ಹಾಕಿ ನೀರು, ಪುಡಿ ಕಲೆಸಿದೆ. ನನ್ನ ಬಲಗೈ ಇಳಿಯಿತು. ಅದರ ಪಕ್ಕದಲ್ಲಿ ಅವರ ಎಡಗೈ. ಬಿಳಿಯ ಹಿಟ್ಟಿನೊಳಗೆ ಏನೂ ಕಾಣುತ್ತಿರಲಿಲ್ಲ. ಒಂದು ಬೆರಳು ನನ್ನ ಬೆರಳನ್ನು ಹುಡುಕಿತು. ಆಮೇಲೆ ಐದೂ.

"ತಣ್ಣಗಿದೆಯಾ?" ಕೇಳಿದೆ.

"ತಣ್ಣಗಿದೆ."

"ನಿಜ ಹೇಳಿ."

"ಹಿಟ್ಟು ತಣ್ಣಗಿದೆ ಮೇಡಂ. ಉಳಿದದ್ದರ ಲೆಕ್ಕ ನೀವೇ ಹಾಕಿ."

ಗಡಿಯಾರದಲ್ಲಿ ಮೂರು ನಿಮಿಷ ದಾಟಿತು. ನಾಲ್ಕೂ. ಅಚ್ಚು ಗಟ್ಟಿಯಾಗಿ ಆಗಲೇ ಎಷ್ಟೋ ಹೊತ್ತಾಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

*

ಒದ್ದೆ ಅಚ್ಚಿಗೆ ಚಾಕ್ಲೇಟ್ ಸುರಿದರೆ ಕೆಡುತ್ತದೆ. ತಲೆಕೂದಲು ಒಣಗಿಸುವ ಯಂತ್ರದ ತಣ್ಣನೆ ಗಾಳಿಯಲ್ಲಿ ಅಚ್ಚನ್ನು ಗಂಟೆಗಟ್ಟಲೆ ಒಣಗಿಸಿದೆ. ಬಿಳಿ ಚಾಕ್ಲೇಟನ್ನು ಮೂರು ಕಂತಿನಲ್ಲಿ ಸುರಿದೆ. ಶುಕ್ರವಾರ ಅಚ್ಚನ್ನು ಚೂರು ಚೂರಾಗಿ ಕಿತ್ತಾಗ ಒಳಗೆ ಎರಡು ಕೈ ಹೆಣೆದುಕೊಂಡಿದ್ದವು. ಗೆರೆ, ಗೆಣ್ಣು, ಮೊನ್ನೆ ಗಡ್ಡೆ ಒಡೆಯುವಾಗ ಮುರಿದ ನನ್ನ ಉಗುರು ಕೂಡ. ಕೋಕೋ ಪುಡಿಯನ್ನು ಕುಂಚದಲ್ಲಿ ಬಡಿದು ಮಣ್ಣಿನ ಬಣ್ಣ ಕೊಟ್ಟೆ. ಬೀಟ್‌ರೂಟ್ ರಸದಿಂದ ಉಗುರಿನ ಬುಡಕ್ಕೆ ನೀಲಿಗೆಂಪು. ಕಪ್ಪು ಕೇಕಿನ ಪುಡಿ ಉದುರಿಸಿ ಗೋರಿ ಕಟ್ಟಿದೆ. ಬಿರುಕಿನಿಂದ ಆ ಕೈಗಳನ್ನು ಎಬ್ಬಿಸಿದೆ. ಚಿಕ್ಕಮ್ಮ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. "ಸತ್ತ ಮೇಲೂ ಬಿಡಲ್ಲ ಅನ್ನೋ ಜಾತಿ," ಅಂದರು.

ಶನಿವಾರ ಸಂಜೆ ಶಾಲೆಯ ಹಾಲ್ ತುಂಬ ಕಾಗದದ ಬಾವಲಿ, ಒಣಗಿದ ಎಲೆ. ನಲವತ್ತು ಮಕ್ಕಳು ಬಿಳಿ ಬಟ್ಟೆ ಹೊದ್ದು ದೆವ್ವಗಳಾಗಿದ್ದರು. ಕೇಕಿನ ಮೇಲಿನ ಬಟ್ಟೆ ಸರಿಸಿದೆ.

ಯಾರೂ ಅಲ್ಲಾಡಲಿಲ್ಲ. ನಲವತ್ತು ಬಾಯಿ ತೆರೆದೇ ಇದ್ದವು. ಮುಂದಿದ್ದ ಪುಟ್ಟ ದೆವ್ವವೊಂದು ಪಕ್ಕದ ದೆವ್ವವನ್ನು ಅಪ್ಪಿಕೊಂಡಿತು. ಆಮೇಲೆ ಒಬ್ಬಳು ಹುಡುಗಿ ಹತ್ತಿರ ಬಂದಳು. ಎಲ್ಲರಿಗಿಂತ ಸಣ್ಣವಳು, ಮೇಷ್ಟ್ರು ಗುಬ್ಬಿ ಅಂತ ಕರೆಯುವವಳು. ಕೇಕಿನ ಎಡಗೈಯನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ತಿರುಗಿ ಮೇಷ್ಟ್ರ ಕಡೆ ಬೆರಳು ತೋರಿಸಿದಳು. ಇದು ಇವರದ್ದು. ಸಂಶಯವೇ ಇಲ್ಲ.

ಮತ್ತೆ ಇನ್ನೊಂದು ಕೈ ಮುಟ್ಟಿ, ಎರಡೂ ಅಂಗೈ ಮೇಲೆ ಮಾಡಿ ಎಲ್ಲರ ಮುಖ ನೋಡಿದಳು. ಸನ್ನೆ ಕಲಿಯದ ನನಗೂ ತಿಳಿಯಿತು: ಇದು ಯಾರದ್ದು?

ಮೇಷ್ಟ್ರು ನನ್ನ ಕಡೆ ನೋಡಿದರು. ಅವರ ಬಲಗೈ ಪಟ್ಟಿಯಲ್ಲಿತ್ತು. ಎಡಗೈಯಲ್ಲಿ ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ, ನನಗೇ ಬಿಟ್ಟರು.

ನಾನು ಬಲಗೈ ಎತ್ತಿದೆ. ಉಗುರು ಮುರಿದ ಕೈ.

ಮರುಕ್ಷಣ ಎಂಬತ್ತು ಕೈಗಳು ಮೇಲೆದ್ದವು, ಎಲ್ಲವೂ ಗಾಳಿಯಲ್ಲಿ ಗಲಗಲ ಅಲ್ಲಾಡಿದವು. ಸದ್ದಿಲ್ಲದ ಚಪ್ಪಾಳೆ ಅದು. ಅಷ್ಟು ದೊಡ್ಡ ಗದ್ದಲವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಮೇಷ್ಟ್ರು ಬಂದು ಪಕ್ಕದಲ್ಲಿ ನಿಂತರು. ತೋಳಿಗೆ ತೋಳು ತಾಗಿತು.

ಗುಬ್ಬಿಯ ಕೈಗೆ ಚಾಕು ಕೊಟ್ಟರು. ಅವಳು ಗೋರಿಯನ್ನು ಸುತ್ತಲೂ ಕುಯ್ದು, ಹೆಣೆದ ಕೈಗಳ ಹತ್ತಿರ ಬಂದು ನಿಂತಳು. ಚಾಕುವನ್ನು ಎರಡು ಕೈಗಳ ನಡುವೆ ಹಿಡಿದು ನನ್ನ ಕಡೆ ಹುಬ್ಬೇರಿಸಿದಳು. ಬೇರೆ ಮಾಡಲಾ?

ನಾನು ಅಡ್ಡಡ್ಡ ತಲೆಯಾಡಿಸಿದೆ. ಪಕ್ಕದಲ್ಲಿ ಇನ್ನೊಂದು ತಲೆಯೂ ಅದೇ ಹೊತ್ತಿಗೆ ಆಡಿತು.

ಗುಬ್ಬಿ ಬುಡದಿಂದ ಕತ್ತರಿಸಿ ಎರಡನ್ನೂ ಒಂದೇ ತಟ್ಟೆಗೆ ಹಾಕಿದಳು.